ಕನ್ನಡಿಯಲ್ಲಿ ಕಂಡ ಹೆಬ್ಬೆರಳು

ನಾನು ಯಾರ್ಡಿಗೆ ವಾಪಸು ಬಂದ ಬೆಳಿಗ್ಗೆ ಅವರು ಟ್ರೇಲರಿನ ಕೆಳಗೆ ಮಲಗಿದ್ದರು. ಕಂಡದ್ದು ಎರಡು ಬೂಟು ಮಾತ್ರ. ಎಡಗಾಲಿನ ಲೇಸು ಎಂದಿನಂತೆ ಬಿಚ್ಚಿಕೊಂಡಿತ್ತು. ಇಷ್ಟು ದಿನ ಮನೆಯಲ್ಲಿ ಕೂತು, ಈ ಮನುಷ್ಯ ಎದುರಿಗೆ ಸಿಕ್ಕರೆ ಏನೇನು ಹೇಳಬೇಕು ಎಂದು ಒಂದೊಂದೇ ಮಾತು ಮಸೆದು ಇಟ್ಟುಕೊಂಡಿದ್ದೆ. ಆ ಲೇಸು ಕಂಡದ್ದೇ ತಡ, ಎಲ್ಲ ಮರೆತು, "ಲೇಸು ಕಟ್ಕೊಳ್ಳಿ, ಎಡವಿ ಬೀಳ್ತೀರ" ಎಂದುಬಿಟ್ಟೆ.

ಬೂಟುಗಳ ಅಲುಗಾಟ ನಿಂತಿತು. ಒಳಗಿನಿಂದ ಸಣ್ಣ ದನಿ ಬಂತು.

"ಮೇಡಂ?"

"ಹ್ಞೂಂ. ಸತ್ತಿಲ್ಲ."

ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಅವರು ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತರು. ಕೆನ್ನೆಗೆ ಗ್ರೀಸು ಮೆತ್ತಿತ್ತು. ತುಂಬ ಸೊರಗಿದ್ದರು. ನನ್ನ ಬಲ ಹೆಗಲನ್ನು ಒಮ್ಮೆ ನೋಡಿ, ನೋಡಬಾರದ್ದನ್ನು ನೋಡಿದವರಂತೆ ಕಣ್ಣನ್ನು ನೆಲಕ್ಕೆ ಇಳಿಸಿದರು. ಆಮೇಲೆ ಬಗ್ಗಿ ಲೇಸು ಕಟ್ಟಿಕೊಳ್ಳತೊಡಗಿದರು. ಅಷ್ಟು ಹೊತ್ತು ಹಿಡಿಯುವ ಕೆಲಸವೇನೂ ಅದಾಗಿರಲಿಲ್ಲ.

ನಮ್ಮದು ದೊಡ್ಡ ಪಿಕಪ್ ಟ್ರಕ್ಕುಗಳನ್ನು ಪರೀಕ್ಷೆ ಮಾಡುವ ಯಾರ್ಡು. ಇಂಥ ಟ್ರಕ್ಕು ಕೊಳ್ಳುವವರಿಗೆ ಬೇಕಾದದ್ದು ಎರಡೇ ಉತ್ತರ: ಎಷ್ಟು ಎಳೆಯುತ್ತೆ, ಎಷ್ಟು ಕುಡಿಯುತ್ತೆ. ಖಾಲಿ ಓಡುವಾಗ ಲೀಟರಿಗೆ ಎಂಟು ಕಿಲೋಮೀಟರ್ ಕೊಡುವ ಗಾಡಿ, ಹಿಂದೆ ಭಾರದ ಟ್ರೇಲರ್ ಕಟ್ಟಿ ಗುಡ್ಡ ಹತ್ತಿಸಿದರೆ ಮೂರಕ್ಕೆ ಬಂದು ನಿಲ್ಲುತ್ತದೆ. ಜಾಹೀರಾತಿನಲ್ಲಿ ಈ ಮೂರರ ಸುದ್ದಿ ಇರುವುದಿಲ್ಲ. ಅದನ್ನು ಕಂಡುಹಿಡಿಯುವುದು ನಮ್ಮ ಕೆಲಸ. ಓಡಿಸುವವಳು ನಾನು. ಸುಮ್ಮಸುಮ್ಮನೆ ಆಕ್ಸಿಲರೇಟರ್ ತುಳಿದವರಿಗೆಲ್ಲ ಬೈಯುವುದರಿಂದ ಯಾರ್ಡಿನಲ್ಲಿ ನನಗೆ ಮೈಲೇಜಮ್ಮ ಅಂತ ಹೆಸರು ಬಿದ್ದಿದೆ. ಅವರು ಟ್ರೇಲರಿನಲ್ಲಿ ಭಾರ ಹೊಂದಿಸುವವರು. ಎಲ್ಲರೂ ಅವರನ್ನು ತೂಕದವರು ಎನ್ನುತ್ತಾರೆ.

ಟ್ರೇಲರಿನ ಮುಂಭಾಗದಲ್ಲಿ ಕಾಂಕ್ರೀಟ್ ಬ್ಲಾಕುಗಳು, ಹಿಂಭಾಗದಲ್ಲಿ ಒಂದು ದೊಡ್ಡ ನೀರಿನ ಟ್ಯಾಂಕು. ಹತ್ತುವಾಗ ಟ್ಯಾಂಕು ತುಂಬಿರುತ್ತದೆ. ಗುಡ್ಡದ ತುದಿ ತಲುಪಿದ ಮೇಲೆ ನೀರನ್ನೆಲ್ಲ ಹೊರಗೆ ಬಿಟ್ಟು, ಭಾರ ಇಳಿಸಿಕೊಂಡು, ಇಳಿಜಾರಿನಲ್ಲಿ ಬ್ರೇಕಿನ ಪರೀಕ್ಷೆ ನಡೆಸುತ್ತೇವೆ. ಟ್ಯಾಂಕು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧ ಉಳಿದರೆ ನೀರು ಒಳಗೇ ಹಿಂದೆ ಮುಂದೆ ಓಡಾಡಿ ಟ್ರೇಲರಿನ ಬಾಲವನ್ನು ತೂಗಾಡಿಸುತ್ತದೆ. ಬಾಲ ತೂಗಾಡಿದರೆ ಮುಂದಿನ ಟ್ರಕ್ಕು ಹೇಳಿದ ಮಾತು ಕೇಳುವುದಿಲ್ಲ. ಆದ್ದರಿಂದ ಅವರು ನೀರು ನಿಂತ ಮೇಲೆ ಬೆರಳ ಗೆಣ್ಣಿನಿಂದ ಟ್ಯಾಂಕನ್ನು ಮೂರು ಸಲ ತಟ್ಟಿ, ಟೊಳ್ಳು ಸದ್ದು ಕೇಳಿಸಿಕೊಂಡು, ನನ್ನ ಬದಿಯ ಕನ್ನಡಿಗೆ ಕಾಣುವಂತೆ ಬಂದು ನಿಂತು ಹೆಬ್ಬೆರಳು ಎತ್ತಬೇಕು. ಆ ಹೆಬ್ಬೆರಳು ಕಾಣುವವರೆಗೆ ನಾನು ಬ್ರೇಕು ಬಿಡುವುದಿಲ್ಲ.

ಇಷ್ಟು ವರ್ಷದಲ್ಲಿ ಅವರ ಮುಖಕ್ಕಿಂತ ಆ ಹೆಬ್ಬೆರಳನ್ನೇ ನಾನು ಹೆಚ್ಚು ನೋಡಿರಬೇಕು. ಸುಳ್ಳು ಯಾಕೆ ಹೇಳಲಿ, ಬೆರಳು ಕಂಡ ಮೇಲೂ ಒಂದು ಗಳಿಗೆ ಕನ್ನಡಿಯನ್ನೇ ನೋಡುತ್ತ ಕೂರುತ್ತಿದ್ದೆ. ಅವರೂ ಬೆರಳು ಇಳಿಸುತ್ತಿರಲಿಲ್ಲ. ಇಬ್ಬರೂ ಅದರ ಬಗ್ಗೆ ಎಂದೂ ತುಟಿಪಿಟಿಕ್ಕೆಂದಿರಲಿಲ್ಲ.

ಅಪಘಾತವಾದ ಆ ದಿನವೂ ಗುಡ್ಡದ ಮೇಲೆ ಹಿಂದಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವರು ನನ್ನ ಕಿಟಕಿಯ ಹತ್ತಿರ ಬಂದರು. ಹಾಗೆ ಬಂದದ್ದು ಅದೇ ಮೊದಲು. ಗಾಜು ಇಳಿಸಿ "ಏನ್ರೀ?" ಎಂದೆ.

"ಒಂದು ಮಾತು ಹೇಳ್ಬೇಕಿತ್ತು" ಎಂದರು. ಬಾಯಿ ತೆರೆದರು, ಮುಚ್ಚಿದರು. "ಏನಿಲ್ಲ ಬಿಡಿ. ಹುಷಾರಾಗಿ ಇಳಿಸಿ."

ವಾಪಸು ಹೋದರು. ಕನ್ನಡಿಯಲ್ಲಿ ಹೆಬ್ಬೆರಳು ಎದ್ದಿತು. ನಾನು ಬ್ರೇಕು ಬಿಟ್ಟೆ.

ಎರಡನೇ ತಿರುವಿನ ಹತ್ತಿರ ಟ್ರೇಲರ್ ತೂಗಾಡಲು ಶುರುವಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಸ್ಟೇರಿಂಗ್ ನೆಟ್ಟಗೆ ಹಿಡಿದೆ, ಟ್ರೇಲರಿನ ಬ್ರೇಕನ್ನು ಕೈಯಿಂದ ಒತ್ತಿದೆ. ಕಲಿತದ್ದನ್ನೆಲ್ಲ ಮಾಡಿದೆ. ಒಮ್ಮೆ ಸರಿಹೋದಂತೆ ಆಗಿ ಮತ್ತೆ ತೂಗಿತು. ಕೊನೆಗೆ ರಸ್ತೆ ಬದಿಯ ಜಲ್ಲಿ ರಾಶಿಗೆ ನುಗ್ಗಿಸಿದೆ. ಟ್ರೇಲರ್ ಮಗುಚಿತು, ಟ್ರಕ್ಕು ಉಳಿಯಿತು. ಸೀಟ್ ಬೆಲ್ಟು ಜೀವ ಉಳಿಸಿ ಹೆಗಲ ಮೂಳೆ ಮುರಿಯಿತು. ಆಮೇಲೆ ನೋಡಿದಾಗ ಟ್ಯಾಂಕಿನಲ್ಲಿ ಅರ್ಧ ನೀರು ಹಾಗೇ ಇತ್ತು.

ವಿಚಾರಣೆಯಲ್ಲಿ ಅವರು "ತಪ್ಪು ನನ್ನದು" ಎಂದಷ್ಟೇ ಹೇಳಿದರಂತೆ. ಯಾಕೆ, ಹೇಗೆ ಎಂದು ಯಾರು ಕೇಳಿದರೂ ಬಾಯಿಗೆ ಬೀಗ.

ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದ ಅತ್ತಿಗೆ ದಿನಾ ಒಂದೇ ವರದಿ ಕೊಡುತ್ತಿದ್ದರು. "ನಿಮ್ಮ ಯಾರ್ಡಿನ ಆ ಗುಮ್ಮನಗುಸ್ಕ ಇವತ್ತೂ ಬಂದಿದ್ದ ಕಣೆ. ಹೊರಗಡೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಬಾಪ್ಪಾ ಅಂತ ಕರೆದ್ರೆ ಎದ್ದು ಹೊರಟೇಹೋದ."

"ಬರೋದು ಬೇಡ" ಎನ್ನುತ್ತಿದ್ದೆ ನಾನು. ಮಲಗಿದಲ್ಲೇ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಅವರು ಕಿಟಕಿಗೆ ಬಂದದ್ದು ಟ್ಯಾಂಕಿನ ವಾಲ್ವು ಕೆಟ್ಟಿದೆ, ನೀರು ಪೂರ್ತಿ ಹೋಗುತ್ತಿಲ್ಲ ಎಂದು ಹೇಳಲಿಕ್ಕೆ. ಹೇಳಿದರೆ ಪರೀಕ್ಷೆ ನಿಲ್ಲುತ್ತದೆ, ಎಲ್ಲರಿಗೂ ತೊಂದರೆ ಎಂದು ನುಂಗಿಕೊಂಡರು. ಕೈತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಗೊತ್ತಿದ್ದೂ ಹೆಬ್ಬೆರಳು ಎತ್ತಿದವರನ್ನು ಏನು ಮಾಡುವುದು? ಮುರಿದ ಮೂಳೆಗಿಂತ ಇದೇ ಹೆಚ್ಚು ನೋಯುತ್ತಿತ್ತು. ಬೇರೆ ಯಾರಾಗಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು.

ನಾನು ವಾಪಸು ಬಂದ ಆ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಒಳಗೆ ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಆದರೆ ಕಷ್ಟದ ಮಾತು ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಲೇ ಇರುತ್ತಾರೆ.

"ಅದೇ ಟ್ರಕ್ಕು, ಅದೇ ಗುಡ್ಡ. ಅರ್ಧಕ್ಕೇ ನಿಂತ ಟೆಸ್ಟು ಇವತ್ತು ಮುಗೀಬೇಕು. ಆಗ್ಲಿಲ್ಲ ಅಂದ್ರೂ ಚಿಂತೆ ಇಲ್ಲಮ್ಮ. ಇಂಥದ್ದಾದ ಮೇಲೆ ಎಷ್ಟೋ ಜನ ಮತ್ತೆ ಭಾರ ಎಳೆಯಲ್ಲ. ನಿನಗೆ ಆಫೀಸಲ್ಲಿ ಒಂದು ಕುರ್ಚಿ ಇದ್ದೇ ಇರತ್ತೆ."

ಓಡಿಸುವುದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ.

"ಭಾರ ನೋಡ್ಕೊಳ್ಳೋಕೆ ಬೇರೆಯವರನ್ನ ಕಳಿಸ್ತೀನಿ. ತೂಕದವರು ಟೈರ್ ಸೆಕ್ಷನ್‌ಗೆ ಹಾಕಿ ಅಂತ ಕೇಳ್ಕೊಂಡಿದಾರೆ. ನಾಳೆಯಿಂದ ಅಲ್ಲಿಗೆ."

ನನಗೆ ಕೋಪ ನೆತ್ತಿಗೇರಿತು. ಮಾಡುವುದನ್ನೆಲ್ಲ ಮಾಡಿ ಈಗ ತಪ್ಪಿಸಿಕೊಂಡು ಹೋಗುತ್ತಾರಂತೆ.

"ಬೇಡ ಸಾರ್. ಇವತ್ತು ಅವರೇ ಬರ್ಲಿ" ಎಂದೆ.

ಪೆನ್ನಿನ ಮುಚ್ಚಳ ಮ್ಯಾನೇಜರ ಕೈಯಲ್ಲೇ ಉಳಿಯಿತು.

ಹತ್ತುವಾಗ ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತು ಇಂಧನದ ಮೀಟರು ನೋಡಬೇಕು. ಆದಷ್ಟು ಬಾಗಿಲಿಗೆ ಅಂಟಿಕೊಂಡು ಕೂತರು. ಇಂಜಿನ್ನು ಒಂದೇ ಸಮನೆ ಗುರುಗುಟ್ಟುತ್ತಿತ್ತು. ಹಿಂದಿನ ಭಾರ ಬೆನ್ನಿಗೇ ಕಟ್ಟಿದಂತೆ ಗೊತ್ತಾಗುತ್ತಿತ್ತು.

"ಹೆಗಲು ನೋವಿದ್ಯಾ?" ಅರ್ಧ ದಾರಿಯಲ್ಲಿ ಕೇಳಿದರು.

"ಚಳಿ ಇದ್ರೆ ಇರತ್ತೆ."

"ಇವತ್ತು ಚಳಿ ಇಲ್ಲ."

"ಹಾಗಾದ್ರೆ ಇಲ್ಲ."

ಅವರ ತುಟಿಯ ತುದಿ ಸ್ವಲ್ಪ ಅಲುಗಿತು. ನೋಡಿಯೂ ನೋಡದವಳಂತೆ ಗೇರು ಇಳಿಸಿದೆ. ಇಷ್ಟು ಕೋಪದ ನಡುವೆಯೂ ಆ ಅಲುಗಾಟ ಮತ್ತೊಮ್ಮೆ ಕಾಣಲಿ ಅನ್ನಿಸಿತು. ನನ್ನ ಮೇಲೆಯೇ ರೇಗಿತು.

"ಎಷ್ಟು ಬರ್ತಿದೆ?" ಎಂದೆ.

"ಎರಡೂ ಮುಕ್ಕಾಲು."

"ಅಷ್ಟೇನಾ? ಹೋದ ಸಲ ಮೂರರ ಮೇಲಿತ್ತು."

"ಗಾಡಿ ಅದೇ, ಭಾರ ಅದೇ." ಅವರು ಮೀಟರಿನಿಂದ ಕಣ್ಣು ತೆಗೆಯದೆ ಹೇಳಿದರು. "ಇವತ್ತು ನೀವು ಜಾಸ್ತಿ ತುಳೀತಿದೀರ ಮೇಡಂ."

ಮೈಲೇಜಮ್ಮನಿಗೇ ಈ ಮಾತು! ಆದರೆ ಸುಳ್ಳೇನಲ್ಲ. ಕಾಲಿನ ತುದಿಯವರೆಗೆ ಸಿಟ್ಟು ಇಳಿದಿತ್ತು. ಕಾಲು ಹಗುರ ಮಾಡಿದೆ.

ಗುಡ್ಡದ ತುದಿಯಲ್ಲಿ ಗಾಳಿ ಬೀಸುತ್ತಿತ್ತು. ಅವರು ಹೋಗಿ ವಾಲ್ವು ತೆರೆದರು. ನಿಯಮದ ಪ್ರಕಾರ ನಾನು ಸ್ಟೇರಿಂಗ್ ಮುಂದೆಯೇ ಕೂತಿರಬೇಕು. ಈ ಸಲ ಹ್ಯಾಂಡ್ ಬ್ರೇಕು ಎಳೆದು, ಚಕ್ರಗಳಿಗೆ ಅಡ್ಡಮರ ಇಟ್ಟು, ಹಿಂದಕ್ಕೆ ನಡೆದು ಹೋದೆ. ನೀರು ದಪ್ಪವಾಗಿ ಸುರಿದು ಚರಂಡಿಯ ಕಡೆ ಹರಿಯುತ್ತಿತ್ತು. ಅವರು ಅದರ ಮುಂದೆ ಕಾವಲುಗಾರರಂತೆ ನಿಂತಿದ್ದರು.

"ಆವತ್ತು ಕಿಟಕಿ ಹತ್ರ ಬಂದು ಏನೋ ಹೇಳೋಕೆ ಹೊರಟ್ರಲ್ಲ" ಎಂದೆ, "ಅದನ್ನ ಈಗ ಹೇಳಿ."

ಅವರು ಬೆಚ್ಚಿ ತಿರುಗಿದರು. "ಅದು... ಈಗ ಯಾಕೆ ಮೇಡಂ?"

"ಯಾಕೆ ಅಂದ್ರೆ ಅದನ್ನ ನುಂಗಿಕೊಂಡಿದ್ದಕ್ಕೇ ನನ್ನ ಮೂಳೆ ಮುರೀತು. ವಾಲ್ವ್ ಕೆಟ್ಟಿದೆ ಅಂತ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ ಬೆರಳು ತೋರಿಸಿದ್ರಿ."

ಅವರ ಮುಖದಲ್ಲಿ ಒಂದು ತೊಟ್ಟು ರಕ್ತ ಉಳಿಯಲಿಲ್ಲ.

"ಗೊತ್ತಿದ್ದೂ ನಿಮ್ಮನ್ನ ಕೆಳಗೆ ಕಳಿಸ್ದೆ ಅಂದ್ಕೊಂಡ್ರಾ?" ಒಂದು ಹೆಜ್ಜೆ ಮುಂದೆ ಬಂದರು. "ಇಷ್ಟು ದಿನವೂ ಹಾಗೇ ಅಂದ್ಕೊಂಡಿದ್ರಾ?"

"ಬೇರೆ ಏನು ಅಂದ್ಕೊಳ್ಳಲಿ? ನೀವು ಬಾಯಿ ಬಿಟ್ರೆ ತಾನೆ!"

ಅವರು ನೀರಿನ ಕಡೆ ನೋಡುತ್ತ ನಿಂತರು. ಆಮೇಲೆ ಹೇಳತೊಡಗಿದರು. ಈ ಮನುಷ್ಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ವಾಲ್ವ್ ಸರಿಯಾಗೇ ಇತ್ತು. ನಾನು ಬಂದಿದ್ದು ನನ್ನನ್ನ ಮದುವೆ ಆಗ್ತೀರಾ ಅಂತ ಕೇಳೋಕೆ. ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿದ್ದೆ. ನೀವು ಗಾಜು ಇಳಿಸಿ ಏನ್ರೀ ಅಂದ್ರಿ ನೋಡಿ, ಎಲ್ಲ ಮರೆತುಹೋಯ್ತು. ಏನಿಲ್ಲ ಅಂದ್ಬಿಟ್ಟು ವಾಪಸ್ ಹೊರಟೆ. ದಾರಿಯುದ್ದಕ್ಕೂ ನನ್ನನ್ನೇ ಬೈಕೊಂಡು ಹೋದೆ. ಕೈ ಅದರ ಪಾಡಿಗೆ ವಾಲ್ವ್ ಮುಚ್ಚಿಬಿಡ್ತು. ನೀರಿನ್ನೂ ಬರ್ತಿತ್ತೋ ಏನೋ, ನೋಡ್ಲೇ ಇಲ್ಲ. ತಟ್ಟಲೂ ಇಲ್ಲ. ನೀವು ಕನ್ನಡೀಲಿ ಇನ್ನೊಂದು ಸಲ ನೋಡ್ತೀರಲ್ಲ ಅನ್ನೋ ಒಂದೇ ಆಸೆಗೆ ಓಡಿ ಬಂದು ಬೆರಳು ಎತ್ತಿದೆ."

ನಾನು ಟ್ರೇಲರಿನ ಅಂಚಿಗೆ ಒರಗಿದೆ.

"ವಿಚಾರಣೇಲಿ ಇದನ್ನ ಹೇಳಿದ್ರೆ ನಿಮ್ಮ ಹೆಸರೂ ಎಲ್ಲರ ಬಾಯಿಗೆ ಬೀಳ್ತಿತ್ತು. ಆಸ್ಪತ್ರೇಲಿ ನಿಮಗೇ ಹೇಳೋಣ ಅಂದ್ರೆ, ಮೂಳೆ ಮುರಿದು ಮಲಗಿರೋರ ಎದುರು ನಿಂತು, ನಿಮ್ಮ ಮೇಲೆ ಪ್ರೀತಿ, ಅದಕ್ಕೇ ಹೀಗಾಯ್ತು ಅನ್ನೋದಾ? ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಬಾಗಿಲವರೆಗೂ ಬರ್ತಿದ್ದೆ. ಕಾಲು ಮುಂದೆ ಬರ್ತಿರಲಿಲ್ಲ." ಅವರು ಕಣ್ಣು ಒರೆಸಿಕೊಂಡರು. "ನಿಮ್ಮ ಜೀವ ನೋಡ್ಕೋಬೇಕಾದವನು ನಿಮ್ಮ ಮುಖ ನೋಡ್ತಾ ಕೂತೆ. ಅಂಥವನು ನಿಮ್ಮ ಗಾಡಿ ಹಿಂದೆ ನಿಲ್ಲಬಾರದು. ಅದಕ್ಕೇ ಟೈರ್ ಸೆಕ್ಷನ್ ಕೇಳಿದೆ."

ನನ್ನೊಳಗೆ ಏನಾಯಿತು ಎಂದು ಇದ್ದದ್ದು ಇದ್ದಂತೆ ಹೇಳುತ್ತೇನೆ. ಮೊದಲು ಹಗುರವಾಯಿತು. ಅವರು ಗೊತ್ತಿದ್ದೂ ಕಳಿಸಲಿಲ್ಲ ಎನ್ನುವುದೊಂದೇ ಸಾಕಾಗಿತ್ತು, ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು. ಅದರ ಹಿಂದೆಯೇ ಸಿಟ್ಟು ಬಂತು. ಒಂದು ಮಾತು ಬಾಯಲ್ಲಿ ಅರ್ಧ, ಟ್ಯಾಂಕಿನಲ್ಲಿ ನೀರು ಅರ್ಧ, ನಡುವೆ ನನ್ನ ಜೀವ. ನನ್ನನ್ನು ಇಷ್ಟಪಟ್ಟವರ ಕೈಯಲ್ಲೇ ನಾನು ಸಾಯುವುದರಲ್ಲಿದ್ದೆ. ಈ ಎರಡೂ ಒಟ್ಟಿಗೆ ಇದ್ದವು.

"ಹೇಳೋಕೆ ಹೊರಟಿದ್ದನ್ನ ಅಲ್ಲೇ ಹೇಳಿ ಮುಗಿಸಿದ್ರೆ," ಎಂದೆ ಕೊನೆಗೆ, "ಬೇಡ ಅಂತಾನೋ ಆಗ್ಲಿ ಅಂತಾನೋ ಹೇಳಿರ್ತಿದ್ದೆ. ನೀವು ನೆಟ್ಟಗೆ ಹೋಗಿ ಟ್ಯಾಂಕ್ ನೋಡಿರ್ತಿದ್ರಿ."

"ಹೌದು" ಎಂದರು ಅವರು.

ನೀರಿನ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ಅವರು ಅದರ ಮೇಲೂ ಸ್ವಲ್ಪ ಹೊತ್ತು ಕಾದರು. ವಾಲ್ವು ಮುಚ್ಚಿ, ಬೆರಳ ಗೆಣ್ಣಿನಿಂದ ಟ್ಯಾಂಕನ್ನು ಮೂರು ಸಲ ತಟ್ಟಿದರು. ಟೊಳ್ಳು ಸದ್ದು. ಆಮೇಲೆ ಪಕ್ಕಕ್ಕೆ ಸರಿದು, "ನೀವೂ ತಟ್ಟಿ ನೋಡಿ" ಎಂದರು. ನಾನೂ ತಟ್ಟಿದೆ. ಮುಂದೆ, ನಡುವೆ, ಹಿಂದೆ, ಎಲ್ಲ ಕಡೆಯೂ ಖಾಲಿ.

ಅಡ್ಡಮರ ತೆಗೆದು, ಸೀಟಿಗೆ ಬಂದು ಕೂತು, ಕಾಲು ಬ್ರೇಕಿನ ಮೇಲಿಟ್ಟು ಹ್ಯಾಂಡ್ ಬ್ರೇಕು ಇಳಿಸಿದೆ. ಇಳಿಯುವಾಗ ಗಾಡಿಯಲ್ಲಿ ಓಡಿಸುವವರೊಬ್ಬರೇ ಇರಬೇಕು. ಅವರು ಮೇಲೆಯೇ ಉಳಿದು, ಆಮೇಲೆ ಯಾರ್ಡಿನ ವ್ಯಾನಿನಲ್ಲಿ ಬರುತ್ತಾರೆ. ಕನ್ನಡಿಯಲ್ಲಿ ಅವರು ಬಂದು ನಿಂತರು. ಹೆಬ್ಬೆರಳು ಎದ್ದಿತು.

ನನ್ನ ಕಾಲು ಬ್ರೇಕಿನ ಮೇಲಿನಿಂದ ಏಳಲಿಲ್ಲ.

ಟ್ಯಾಂಕು ಖಾಲಿ ಇದೆ ಎಂದು ಗೊತ್ತಿತ್ತು, ನನ್ನ ಕೈಯಾರೆ ತಟ್ಟಿ ನೋಡಿದ್ದೆ. ಆದರೂ ಆ ಬೆರಳು ಕಂಡೊಡನೆ ಎರಡನೇ ತಿರುವು ಕಣ್ಣಮುಂದೆ ಬಂತು. ಆಫೀಸಿನ ಕುರ್ಚಿ ನೆನಪಾಯಿತು. ಕೂರುವುದು ಅಲ್ಲಿಯೇ ಏನೋ ಅನ್ನಿಸಿತು.

ಕನ್ನಡಿಯಲ್ಲಿ ಬೆರಳು ಇಳಿಯಿತು. ಅವರು ನಡೆದುಕೊಂಡು ಕಿಟಕಿಗೆ ಬಂದರು. ನಾನು ಗಾಜು ಇಳಿಸಿದೆ.

"ಇವತ್ತು ಬೇಡ ಮೇಡಂ. ನಾನು ಮ್ಯಾನೇಜರ್‌ಗೆ ಹೇಳ್ತೀನಿ."

"ಏನಂತ ಹೇಳ್ತೀರಿ?"

"ಭಾರ ಹೊಂದಲಿಲ್ಲ ಅಂತ. ನನ್ನ ತಪ್ಪು ಅಂತ."

"ಇನ್ನೊಂದು ಸಲ ತಪ್ಪು ನಿಮ್ಮ ಮೇಲೇ ಹಾಕ್ಕೊಂಡು ಸುಮ್ನಾಗ್ತೀರಾ? ಆವತ್ತು ಇದೇ ಕಿಟಕಿ ಹತ್ರ ನಿಂತು ಬಿಟ್ಟುಹೋಗಿದ್ದನ್ನ ಮೊದಲು ಮುಗಿಸಿ. ಅಲ್ಲಿ ಹಿಂದೆ ನೀರಿನ ಹತ್ರ ಹೇಳಿದ್ದಲ್ಲ. ಇಲ್ಲಿ. ನನ್ನ ಮುಖ ನೋಡಿ."

ಅವರು ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ನೆಲ ನೋಡಲಿಲ್ಲ. ಕನ್ನಡಿಯ ದೂರವಿಲ್ಲದೆ ಅವರ ಕಣ್ಣನ್ನು ಇಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಕಂದು ಕಣ್ಣು, ಅಂಚು ಕೆಂಪಗಾಗಿತ್ತು.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ ನನಗೆ. ನೀವು ಗಾಡಿ ಓಡಿಸೋದು, ಎಲ್ಲರಿಗೂ ಬೈಯೋದು, ಬೆರಳು ಕಂಡ ಮೇಲೂ ಕನ್ನಡಿ ಬಿಡದೆ ನೋಡೋದು, ಎಲ್ಲ ಇಷ್ಟ. ತಪ್ಪು ಮಾಡಿದೀನಿ. ಬೇಡ ಅಂದ್ರೆ ಮತ್ತೆ ಕೇಳಲ್ಲ." ಉಸಿರು ಎಳೆದುಕೊಂಡರು. "ಅಷ್ಟೇ. ಇನ್ನೇನೂ ಉಳಿದಿಲ್ಲ."

"ಕನ್ನಡಿ ನೋಡೋದು ಗೊತ್ತಿತ್ತಾ?"

"ಗೊತ್ತಿತ್ತು."

ಭಯದ ನಡುವೆಯೂ ನನ್ನ ಕಿವಿ ಬಿಸಿಯಾಯಿತು.

"ಹೋಗಿ ಹಿಂದೆ ನಿಲ್ಲಿ. ಕಾಣೋ ಹಾಗೆ" ಎಂದೆ.

ಅವರು ಹೋಗಿ ನಿಂತರು. ಬೆರಳು ಎದ್ದಿತು. ಭಯ ಎಲ್ಲಿಗೂ ಹೋಗಿರಲಿಲ್ಲ. ಆದರೆ ಈಗ ಆ ಬೆರಳಿನ ಹಿಂದೆ ಬಚ್ಚಿಟ್ಟದ್ದು ಏನೂ ಇರಲಿಲ್ಲ. ನಾನು ಬ್ರೇಕು ಬಿಟ್ಟೆ.

ಎರಡನೇ ತಿರುವಿನಲ್ಲಿ ಹಲ್ಲು ಕಚ್ಚಿ ಹಿಡಿದೆ. ಟ್ರೇಲರ್ ಹೇಳಿದಂತೆ ಕೇಳುತ್ತ ಹಿಂದೆ ಹಿಂದೆ ಬಂತು. ಜಲ್ಲಿ ರಾಶಿ ಎಡಗಡೆ ದಾಟಿಹೋಯಿತು. ಗುಡ್ಡದ ಬುಡ ಮುಟ್ಟಿದಾಗ, ಯಾರೂ ಇಲ್ಲವಲ್ಲ ಎಂದು ಗಟ್ಟಿಯಾಗಿ ಅತ್ತುಬಿಟ್ಟೆ.

ಯಾರ್ಡಿನ ಪಂಪಿನಲ್ಲಿ ಟ್ರಕ್ಕಿನ ಇಂಧನದ ಟ್ಯಾಂಕು ತುಂಬಿಸುವುದು ಪರೀಕ್ಷೆಯ ಕೊನೆಯ ಕೆಲಸ. ನಾಜಲ್ ಟಕ್ ಎಂದು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಕುಡಿದದ್ದೆಷ್ಟು ಎಂದು ನೋಡುತ್ತೇವೆ. ನಾನು ನಾಜಲ್ ಹಿಡಿದು ನಿಂತಿದ್ದಾಗ ವ್ಯಾನಿನಿಂದ ಇಳಿದು ಅವರು ಬಂದರು. ಅತ್ತು ಕೆಂಪಾದ ನನ್ನ ಕಣ್ಣು ಕಂಡಿರಬೇಕು, ಕರವಸ್ತ್ರ ತೆಗೆದರು. ಅದಕ್ಕೂ ಗ್ರೀಸು ಮೆತ್ತಿದ್ದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು.

"ಟೈರ್ ಸೆಕ್ಷನ್‌ಗೆ ಹೋಗಿ" ಎಂದೆ.

ಅವರ ಮುಖ ಇಳಿಯಿತು. "ಸರಿ ಮೇಡಂ."

"ನೀವು ಹೇಳಿದ್ದು ನಿಜ. ನನ್ನ ಮುಖ ನೋಡ್ತಾ ಮೈಮರೆಯೋರು ನನ್ನ ಗಾಡಿ ಹಿಂದೆ ನಿಲ್ಲೋದು ಬೇಡ. ಇನ್ಮೇಲೆ ಭಾರ ಬೇರೆಯವರು ನೋಡ್ಕೊಳ್ಳಲಿ. ನಾನೂ ಸುಮ್ನೆ ಕನ್ನಡಿ ನೋಡ್ತಾ ಕೂರೋದು ತಪ್ಪತ್ತೆ."

"ಸರಿ."

"ಮತ್ತೆ ಇವತ್ತು ಸಂಜೆ ಮನೆಗೆ ಬನ್ನಿ. ಅಣ್ಣ ಇರ್ತಾನೆ, ಅತ್ತಿಗೆ ಇರ್ತಾರೆ. ಕಿಟಕಿ ಹತ್ರ ಹೇಳಿದ್ದನ್ನ ಅವರೆದುರು ಪೂರ್ತಿ ಹೇಳ್ಬೇಕು. ಹೊರಗಡೆ ಕೂತು ಎದ್ದುಹೋಗೋ ಹಾಗಿಲ್ಲ."

ಅವರ ಕೈ ತಾನಾಗಿಯೇ ಎದ್ದಿತು. ಹೆಬ್ಬೆರಳು ಮೇಲಕ್ಕೆ ಬರುವುದರಲ್ಲಿತ್ತು. ಅದನ್ನು ತಡೆದು ಇಳಿಸಿ, ಬಾಯಿ ಬಿಟ್ಟು "ಬರ್ತೀನಿ" ಎಂದರು. ನಾಜಲ್ ಟಕ್ ಎಂದು ನಿಂತಿತು.

ಸಂಜೆ ಅತ್ತಿಗೆ ಕಿಟಕಿಯ ಹತ್ತಿರ ನಿಂತು ಬೀದಿ ಕಾಯುತ್ತಿದ್ದರು. ಅಣ್ಣ ಯಾವತ್ತೂ ಹಾಕದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

"ಬಂದ ಕಣೆ ನಿನ್ನ ಗುಮ್ಮನಗುಸ್ಕ" ಎಂದರು ಅತ್ತಿಗೆ. "ಲೇಸು ಗಟ್ಟಿಯಾಗಿ ಕಟ್ಟಿದಾನೆ. ಗೇಟ್ ಹತ್ರ ನಿಂತಿದಾನೆ. ಅಯ್ಯೋ, ಹಿಂದೆ ತಿರುಗಿದ."

ನಾನು ದಡಬಡಿಸಿ ಎದ್ದೆ. ಅತ್ತಿಗೆ ನನ್ನ ಕೈ ಹಿಡಿದು ಕೂರಿಸಿದರು. "ಇರು. ಗೇಟ್ ಮುಚ್ಚೋಕೆ ತಿರುಗಿದ್ದು. ಅವನೇ ಬರ್ಲಿ."

ಮೂವರೂ ಉಸಿರು ಬಿಗಿಹಿಡಿದು ಕೂತೆವು. ಮೆಟ್ಟಿಲ ಮೇಲೆ ಬೂಟಿನ ಸದ್ದು ನಿಂತಿತು. ಆಮೇಲೆ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ ಸದ್ದು ಬಂತು.